ಸಸ್ಯಾಹಾರಿ ಆಗುವುದು, ವೀಗನ್ ಆಗುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾಂಸ ಬಿಡೋಣ ಅಂದುಕೊಂಡವರು, ಬಿಟ್ಟು ಅರ್ಧಕ್ಕೆ ನಿಂತವರು, ಬಿಟ್ಟವರ ಜೊತೆ ವಾದಕ್ಕಿಳಿದವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಉತ್ತರಕ್ಕೆ ಇಳಿಯುವ ಮೊದಲು ಒಂದು ಮಾತು. ಪ್ರಾಣಿಗಳ ಮೇಲಿನ ಕರುಣೆ, ಪರಿಸರ, ಆರೋಗ್ಯ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸ ನಮಗಿದೆ. ಆದರೆ ಮೂರೂ ಸದಾ ಒಂದೇ ಕಡೆಗೆ ಎಳೆಯುವುದಿಲ್ಲ. ನಿಮ್ಮ ಕಾರಣ ಯಾವುದು ಎಂದು ಮೊದಲು ಖಚಿತ ಮಾಡಿಕೊಂಡರೆ, ಏನು ಬಿಡಬೇಕು, ಏನು ಉಳಿಸಿಕೊಳ್ಳಬಹುದು ಎಂಬ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಸಸ್ಯಾಹಾರಿಗೂ ವೀಗನ್‌ಗೂ ಏನು ವ್ಯತ್ಯಾಸ?

ಸಸ್ಯಾಹಾರಿಗಳು ಮಾಂಸ, ಕೋಳಿ, ಮೀನು ತಿನ್ನುವುದಿಲ್ಲ. ಹಾಲು ಸಾಮಾನ್ಯವಾಗಿ ಇರುತ್ತದೆ. ಮೊಟ್ಟೆ ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗದು. ವೀಗನ್ ಆದವರು ಹಾಲು, ಮೊಸರು, ಬೆಣ್ಣೆ, ಚೀಸ್, ಮೊಟ್ಟೆ, ಜೇನುತುಪ್ಪ ಸೇರಿ ಪ್ರಾಣಿಯಿಂದ ಬರುವ ಯಾವುದನ್ನೂ ತಿನ್ನುವುದಿಲ್ಲ. ಅನೇಕರು ಚರ್ಮ, ಉಣ್ಣೆ, ರೇಷ್ಮೆಯನ್ನೂ ಬಿಡುತ್ತಾರೆ.

ಇದೆಲ್ಲ ಇತ್ತೀಚಿನ ಫ್ಯಾಷನ್ ಅಲ್ಲವೇ?

ಅಲ್ಲ. 973ರಲ್ಲಿ ಸಿರಿಯಾದಲ್ಲಿ ಹುಟ್ಟಿದ ಕುರುಡು ಅರಬ್ ಕವಿ ಅಲ್-ಮಅರ್ರಿ ಮಾಂಸದ ಜೊತೆ ಹಾಲು, ಮೊಟ್ಟೆ, ಜೇನನ್ನೂ ಬಿಟ್ಟಿದ್ದ. ಕರುವಿಗೆ ಸೇರಬೇಕಾದ ಹಾಲು, ಜೇನುನೊಣ ತನಗಾಗಿ ಕೂಡಿಟ್ಟ ತುಪ್ಪ ನಮ್ಮದಲ್ಲ ಎನ್ನುವುದು ಅವನ ವಾದ. ಇವತ್ತಿನ ವೀಗನ್ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಯುರೋಪಿನಲ್ಲಿ ಮಾಂಸವಿಲ್ಲದ ಊಟಕ್ಕೆ ಬಹುಕಾಲ ಪ್ರಾಚೀನ ಗ್ರೀಕ್ ದಾರ್ಶನಿಕ ಪೈಥಾಗೊರಸ್‌ನ ಹೆಸರೇ ಅಂಟಿಕೊಂಡಿತ್ತು. ಬ್ರಿಟನ್ನಿನ ವೆಜಿಟೇರಿಯನ್ ಸೊಸೈಟಿ ಶುರುವಾದದ್ದು 1847ರಲ್ಲಿ. ಹಾಲು ಮೊಟ್ಟೆಯನ್ನೂ ಬಿಟ್ಟವರು ಡೊನಾಲ್ಡ್ ವಾಟ್ಸನ್ ಮುಂದಾಳತ್ವದಲ್ಲಿ ವೀಗನ್ ಸೊಸೈಟಿ ಕಟ್ಟಿಕೊಂಡದ್ದು 1944ರಲ್ಲಿ, ಮಹಾಯುದ್ಧದ ರೇಷನ್ ಕಾಲದಲ್ಲಿ. ಫ್ಯಾಷನ್ ಮಾಡಲು ಅದು ಸರಿಯಾದ ಸಮಯವೇನೂ ಆಗಿರಲಿಲ್ಲ.

ಮಾಂಸಕ್ಕಾದರೆ ಪ್ರಾಣಿ ಸಾಯಬೇಕು, ಸರಿ. ಹಾಲಿಗೆ, ಮೊಟ್ಟೆಗೆ ಯಾರೂ ಸಾಯುವುದಿಲ್ಲವಲ್ಲ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಸ್ವಲ್ಪ ವಿವರವಾಗಿಯೇ ನೋಡೋಣ.

ಹಸು ಸುಮ್ಮನೆ ಹಾಲು ಕೊಡುವುದಿಲ್ಲ. ಗಬ್ಬವಾಗಿ, ಒಂಬತ್ತು ತಿಂಗಳು ಹೊತ್ತು, ಕರು ಹಾಕಿದ ಮೇಲೆಯೇ ಕೆಚ್ಚಲು ತುಂಬುವುದು. ಹಾಲು ನಿಲ್ಲದಿರಬೇಕಾದರೆ ಹೆಚ್ಚುಕಡಿಮೆ ವರ್ಷಕ್ಕೊಂದು ಕರು ಆಗುತ್ತಲೇ ಇರಬೇಕು. ಹುಟ್ಟುವುದರಲ್ಲಿ ಅರ್ಧ ಹೋರಿಗರು. ಹಾಲಿನ ತಳಿಯ ಹೋರಿ ಹಾಲೂ ಕೊಡದು, ಮಾಂಸದ ತಳಿಯಷ್ಟು ಮೈಯೂ ತುಂಬದು. ದೊಡ್ಡ ಹೈನು ಉದ್ಯಮದಲ್ಲಿ ಕರುವನ್ನು ಹುಟ್ಟಿದ ಕೆಲವೇ ಗಂಟೆಗಳಲ್ಲಿ, ತಪ್ಪಿದರೆ ಒಂದೆರಡು ದಿನಗಳಲ್ಲಿ ತಾಯಿಯಿಂದ ಬೇರೆ ಮಾಡುತ್ತಾರೆ. ಇಪ್ಪತ್ತು ವರ್ಷ ಬದುಕಬಲ್ಲ ಹಸುವನ್ನು ಹಾಲು ಇಳಿಯುತ್ತಿದ್ದಂತೆ ಐದಾರು ವರ್ಷಕ್ಕೇ ಕಸಾಯಿಖಾನೆಗೆ ಕಳಿಸುವುದು ಆ ಉದ್ಯಮದ ಲೆಕ್ಕಾಚಾರದಲ್ಲಿ ಮಾಮೂಲಿ ಸಂಗತಿ.

ಮೊಟ್ಟೆಯ ಕತೆ ಇನ್ನೂ ಬಿಗಿ. ಇಂದಿನ ಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ಮೊಟ್ಟೆ. ಫಾರಂ ಕೋಳಿ ಸುಮಾರು 300 ಇಡುತ್ತದೆ. ಅಷ್ಟು ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂ ಅದರ ಎಲುಬಿನಿಂದಲೂ ಹೋಗುತ್ತದೆ. ಮೊಟ್ಟೆಕೋಳಿಗಳಲ್ಲಿ ಎದೆಮೂಳೆ ಮುರಿಯುವುದು ಅಪರೂಪವಲ್ಲ. ಮರಿ ಮಾಡುವ ಕೇಂದ್ರದಲ್ಲಿ ನಡೆಯುವುದನ್ನು ಮಾತ್ರ ಬಹಳ ಜನ ನೋಡಿರುವುದಿಲ್ಲ. ಮೊಟ್ಟೆಯೊಡೆದ ದಿನವೇ, ಮೈ ಒಣಗಿ ಹಳದಿ ಪುಕ್ಕ ಉಬ್ಬಿರುವ ಮರಿಗಳು ಸಾಲಾಗಿ ಪಟ್ಟಿಯ ಮೇಲೆ ಬರುತ್ತವೆ. ಕೆಲಸದವರು ಒಂದೊಂದನ್ನೇ ಎತ್ತಿ, ರೆಕ್ಕೆಯ ಗರಿ ಅಥವಾ ಹಿಂಭಾಗ ನೋಡಿ, ಕ್ಷಣದಲ್ಲಿ ಗಂಡು ಹೆಣ್ಣು ಗುರುತಿಸಿ ಬೇರೆ ಬೇರೆ ಕಡೆಗೆ ಹಾಕುತ್ತಾರೆ. ಹೆಣ್ಣು ಮರಿ ಫಾರಂಗೆ. ಗಂಡು ಮರಿ ಮೊಟ್ಟೆ ಇಡದು, ಮಾಂಸದ ತಳಿಯೂ ಅಲ್ಲ, ಹಾಗಾಗಿ ಅದನ್ನು ಅಂದೇ ಅನಿಲ ಬಿಟ್ಟೋ ಯಂತ್ರಕ್ಕೆ ಹಾಕಿಯೋ ಕೊಲ್ಲುತ್ತಾರೆ. ಜರ್ಮನಿ 2022ರ ಜನವರಿಯಿಂದ ಇದನ್ನು ನಿಷೇಧಿಸಿದೆ. ಅಲ್ಲೀಗ ಮರಿ ಹುಟ್ಟುವ ಮೊದಲೇ, ಮೊಟ್ಟೆಯಲ್ಲಿರುವಾಗಲೇ ಲಿಂಗ ಪತ್ತೆಹಚ್ಚುವ ತಂತ್ರ ಬಳಸುತ್ತಾರೆ.

ಆದ್ದರಿಂದ ನಿಮ್ಮ ಕಾರಣ ಪ್ರಾಣಿಹಿಂಸೆಯೇ ಆಗಿದ್ದರೆ, ಮಾಂಸ ಬಿಟ್ಟು ಹಾಲು ಮೊಟ್ಟೆ ಇಟ್ಟುಕೊಳ್ಳುವುದು ಗಟ್ಟಿಯಾದ ಗೆರೆಯಲ್ಲ. ಇದು ಸಸ್ಯಾಹಾರಿಗಳಿಗೆ ಇರುಸುಮುರುಸು ತರುವ ಮಾತು ಎಂದು ಗೊತ್ತು. ಒಂದು ಹಸುವನ್ನು ಕೊನೆಯವರೆಗೂ ಸಾಕಿ, ಕರು ಕುಡಿದು ಉಳಿದದ್ದನ್ನು ಕರೆದುಕೊಳ್ಳುವವರ ವಿಷಯ ಬೇರೆ; ಆದರೆ ಪ್ಯಾಕೆಟ್ಟಿನಲ್ಲಿ ಮಾರಾಟವಾಗುವ ಹಾಲು ಬಹುಪಾಲು ಹಾಗೆ ಬಂದದ್ದಲ್ಲ.

ಪರಿಸರಕ್ಕೆ ನಿಜವಾಗಿ ಎಷ್ಟು ವ್ಯತ್ಯಾಸ ಆಗುತ್ತದೆ?

ಸಾಕಷ್ಟು ಆಗುತ್ತದೆ, ಆದರೆ ಏನನ್ನು ಬಿಟ್ಟು ಏನನ್ನು ತಿನ್ನುತ್ತೀರಿ ಎಂಬುದರ ಮೇಲೆ. ಮನುಷ್ಯರಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಜಾನುವಾರು ಸಾಕಣೆಯ ಪಾಲು ಶೇ. 14.5 ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಲೆಕ್ಕ ಹಾಕಿತ್ತು. 2018ರಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ಸಂಶೋಧಕರು 119 ದೇಶಗಳ ಸುಮಾರು 38,700 ಫಾರಂಗಳ ಮಾಹಿತಿ ಕಲೆಹಾಕಿ ಪ್ರಕಟಿಸಿದ ಅಧ್ಯಯನ ಇನ್ನೂ ವಿವರವಾದದ್ದು. ಅದರ ಪ್ರಕಾರ ಮಾಂಸ, ಮೀನು, ಮೊಟ್ಟೆ, ಹಾಲು ಸೇರಿ ಜಗತ್ತಿನ ಕೃಷಿಭೂಮಿಯ ಸುಮಾರು ಶೇ. 83ರಷ್ಟನ್ನು ಬಳಸುತ್ತವೆ, ಬದಲಿಗೆ ಕೊಡುವುದು ಕ್ಯಾಲೊರಿಯಲ್ಲಿ ಶೇ. 18, ಪ್ರೋಟೀನಿನಲ್ಲಿ ಶೇ. 37.

ಅದೇ ಅಧ್ಯಯನದಲ್ಲಿ 100 ಗ್ರಾಂ ಪ್ರೋಟೀನಿಗೆ ಎಷ್ಟು ಇಂಗಾಲ ಎಂಬ ಹೋಲಿಕೆ ಇದೆ. ಮಾಂಸಕ್ಕೆಂದೇ ಸಾಕಿದ ದನದಿಂದಾದರೆ ಸರಾಸರಿ 50 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಚೀಸ್ 11, ಕೋಳಿಮಾಂಸ 5.7, ತೋಫು (ಸೋಯಾ ಹಾಲಿನ ಪನೀರ್) 2, ಬಟಾಣಿ 0.4. ದನದ ಅಂಕಿ ಇಷ್ಟು ಏರಲು ಮುಖ್ಯ ಕಾರಣ ಅದರ ಹೊಟ್ಟೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಸುವಾಗ ಮೀಥೇನ್ ಹುಟ್ಟುತ್ತದೆ, ತೇಗಿನಲ್ಲಿ ಹೊರಬರುತ್ತದೆ. ಮೀಥೇನ್ ವಾತಾವರಣದಲ್ಲಿ ಉಳಿಯುವುದು ಹನ್ನೆರಡು ವರ್ಷದಷ್ಟೇ, ಆದರೆ ಇರುವಷ್ಟು ಕಾಲ ಶಾಖ ಹಿಡಿದಿಡುವುದರಲ್ಲಿ ಇಂಗಾಲದ ಡೈಆಕ್ಸೈಡನ್ನು ಎಷ್ಟೋ ಪಟ್ಟು ಮೀರಿಸುತ್ತದೆ.

ಮೇಲಿನ ಪಟ್ಟಿಯಲ್ಲಿ ಚೀಸ್ ಕೋಳಿಗಿಂತ ಮೇಲಿದೆ, ಗಮನಿಸಿ. ಪರಿಸರಕ್ಕಾಗಿ ಕೋಳಿ ಬಿಟ್ಟು ಆ ಜಾಗದಲ್ಲಿ ಚೀಸ್ ತುಂಬಿಸಿಕೊಂಡರೆ ಲೆಕ್ಕ ಹಿಂದಕ್ಕೇ ಹೋಗುತ್ತದೆ.

ಹಾಗಾದರೆ ದನ, ಕುರಿ ಬಿಟ್ಟು ಕೋಳಿ ಮಾತ್ರ ತಿಂದರೆ ಸಾಕಲ್ಲವೇ?

ಹವಾಮಾನವೊಂದೇ ನಿಮ್ಮ ಚಿಂತೆಯಾದರೆ ದೊಡ್ಡ ಲಾಭ, ಅನುಮಾನವಿಲ್ಲ. ಆದರೆ ಈಗ ಪ್ರಾಣಿಗಳ ಕಡೆಯಿಂದ ಎಣಿಸಿ. ಒಂದು ದೊಡ್ಡ ದನದಿಂದ 200 ಕಿಲೋಗೂ ಹೆಚ್ಚು ಮಾಂಸ ಸಿಗುತ್ತದೆ. ಒಂದು ಕೋಳಿಯಿಂದ ಒಂದೂವರೆಯೋ ಎರಡೋ ಕಿಲೋ. ಅಷ್ಟೇ ಮಾಂಸ ತಿನ್ನಲು ಒಂದು ಜೀವದ ಬದಲು ನೂರಕ್ಕೂ ಹೆಚ್ಚು ಜೀವ ಬೇಕು. ಅದೂ ಹೇಗೆ ಬದುಕಿದ ಜೀವ? ಹುಲ್ಲುಗಾವಲಿನ ದನ ವರ್ಷಗಟ್ಟಲೆ ಬಿಸಿಲು ಮಳೆ ಕಾಣುತ್ತದೆ. ಬ್ರಾಯ್ಲರ್ ಕೋಳಿ ಸುಮಾರು ಆರು ವಾರಕ್ಕೆ ಸಾಯುತ್ತದೆ. ಎದೆಭಾಗ ಬೇಗ ಬೇಗ ಬೆಳೆಯುವಂತೆ ತಳಿ ಮಾಡಿರುವುದರಿಂದ ಕೊನೆಯ ದಿನಗಳಲ್ಲಿ ಎಷ್ಟೋ ಕೋಳಿಗಳಿಗೆ ತಮ್ಮ ಭಾರ ತಾವೇ ಹೊರಲಾಗದು. ನಿಂತಲ್ಲೇ ಕುಸಿದು, ಒದ್ದೆ ಹೊಟ್ಟಿನ ಮೇಲೆ ಕೂತೇ ಇದ್ದು, ಎದೆಯಲ್ಲಿ, ಕಾಲಗಂಟಿನಲ್ಲಿ ಹುಣ್ಣಾಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಆಹಾರಕ್ಕಾಗಿ ಕೊಲ್ಲುವ ನೆಲದ ಪ್ರಾಣಿಗಳ ಸಂಖ್ಯೆ 8,000 ಕೋಟಿ ದಾಟಿದೆ, ಅದರಲ್ಲಿ ಬಹುಪಾಲು ಕೋಳಿಗಳೇ.

ಪರಿಸರ ಒಂದು ಕಡೆ, ಕರುಣೆ ಇನ್ನೊಂದು ಕಡೆ ಎಳೆಯುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಬೇಳೆಕಾಳಿಗೆ ಬಂದರೆ ಎರಡೂ ಮತ್ತೆ ಒಂದಾಗುತ್ತವೆ. ನನ್ನ ಮಟ್ಟಿಗೆ ಸಸ್ಯಾಹಾರದ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದು.

ಒಂದು ಕಿಲೋ ದನದ ಮಾಂಸಕ್ಕೆ 15,000 ಲೀಟರ್ ನೀರು ಅನ್ನುತ್ತಾರಲ್ಲ, ನಿಜವೇ?

ಅಂಕಿ ಸುಳ್ಳಲ್ಲ, ಹೇಳುವ ರೀತಿ ದಾರಿ ತಪ್ಪಿಸುತ್ತದೆ. ಅದರಲ್ಲಿ ಶೇ. 90ಕ್ಕೂ ಹೆಚ್ಚು ಹುಲ್ಲು ಮತ್ತು ಮೇವಿನ ಮೇಲೆ ಬಿದ್ದ ಮಳೆನೀರು. ಬಾವಿಯಿಂದ ಎತ್ತಿದ ನೀರಲ್ಲ. ವಾದಕ್ಕೆ ಇದಕ್ಕಿಂತ ಒಳ್ಳೆಯ ಅಂಕಿಗಳು ಬೇಕಾದಷ್ಟಿವೆ.

ಸೋಯಾ ಬೆಳೆಯಲು ಅಮೆಜಾನ್ ಕಾಡು ಕಡಿಯುತ್ತಾರಲ್ಲ? ತೋಫು ತಿನ್ನುವವರೂ ಪಾಲುದಾರರೇ ತಾನೇ?

ಜಗತ್ತಿನಲ್ಲಿ ಬೆಳೆಯುವ ಸೋಯಾದಲ್ಲಿ ಮುಕ್ಕಾಲು ಭಾಗ ಹೋಗುವುದು ಕೋಳಿ, ಹಂದಿ, ಹಸು, ಸಾಕುಮೀನುಗಳ ಮೇವಿಗೆ. ತೋಫು, ಸೋಯಾ ಹಾಲಿನಂಥ ಆಹಾರವಾಗಿ ಮನುಷ್ಯರು ನೇರ ತಿನ್ನುವುದು ಶೇ. 10ಕ್ಕಿಂತ ಕಡಿಮೆ. ಅಮೆಜಾನಿನಲ್ಲಿ ಕಾಡು ಕಡಿಯಲು ಅತಿ ದೊಡ್ಡ ಕಾರಣ ದನಗಳ ಹುಲ್ಲುಗಾವಲು.

ಗಿಡಗಳಿಗೂ ಜೀವ ಇದೆಯಲ್ಲ? ಹೊಲ ಉಳುವಾಗಲೂ ಇಲಿ, ಹುಳ ಸಾಯುತ್ತವಲ್ಲ?

ಜೀವ ಇದೆ, ಸಂದೇಹವೇ ಇಲ್ಲ. ಪ್ರಶ್ನೆ ನೋವಿನದು. ನೋವು ಅನುಭವಿಸಲು ನರವ್ಯೂಹ ಬೇಕು, ಆ ಸಂಕೇತಗಳನ್ನು ಕೂಡಿಸುವ ಮಿದುಳಿನಂಥದ್ದೊಂದು ಬೇಕು. ಗಿಡ ಬೆಳಕಿಗೆ ತಿರುಗುತ್ತದೆ, ಎಲೆ ಹರಿದರೆ ರಾಸಾಯನಿಕ ಬಿಡುತ್ತದೆ, ಆದರೆ ನೋವಾಯಿತು ಎನ್ನಲು ಅಷ್ಟು ಸಾಲದು. 1789ರಲ್ಲೇ ಇಂಗ್ಲಿಷ್ ತತ್ವಜ್ಞಾನಿ ಜೆರೆಮಿ ಬೆಂಥಮ್ ಪ್ರಾಣಿಗಳ ವಿಷಯದಲ್ಲಿ ಈ ಗೆರೆ ಎಳೆದಿದ್ದ: ಅವು ಯೋಚಿಸಬಲ್ಲವೇ, ಮಾತಾಡಬಲ್ಲವೇ ಎಂಬುದು ಮುಖ್ಯವಲ್ಲ, ನರಳಬಲ್ಲವೇ ಎಂಬುದು ಮುಖ್ಯ. ಬ್ರಿಟನ್ 2022ರ ಕಾನೂನಿನಲ್ಲಿ ಬೆನ್ನೆಲುಬುಳ್ಳ ಪ್ರಾಣಿಗಳ ಜೊತೆ ಏಡಿ, ಸಿಗಡಿ, ಆಕ್ಟೋಪಸ್‌ಗಳನ್ನೂ ಸಂವೇದನೆ ಇರುವ ಜೀವಿಗಳೆಂದು ಒಪ್ಪಿಕೊಂಡಿದೆ.

ಹೊಲದಲ್ಲಿ ಸಾಯುವ ಇಲಿ, ಹುಳಗಳ ಮಾತು ನಿಜ. ಯಾರ ಊಟವೂ ಪೂರ್ತಿ ಅಹಿಂಸೆಯಲ್ಲ. ಆದರೆ ಮೇವು ತಿಂದು ಬೆಳೆಯುವ ಪ್ರಾಣಿ ತಾನು ಕೊಡುವ ಕ್ಯಾಲೊರಿಗಿಂತ ಎಷ್ಟೋ ಪಟ್ಟು ತಿಂದಿರುತ್ತದೆ. ಗಿಡಗಳ ಮೇಲೆ, ಹೊಲದ ಇಲಿಗಳ ಮೇಲೆ ನಿಜವಾಗಿಯೂ ಕನಿಕರ ಇದ್ದರೆ ಬೆಳೆಯನ್ನು ನೇರ ತಿನ್ನುವುದೇ ಕಡಿಮೆ ಕೊಲ್ಲುವ ದಾರಿ.

ಮಾಂಸ ಬಿಟ್ಟರೆ ಆರೋಗ್ಯ ಸುಧಾರಿಸುತ್ತದೆಯೇ?

ಇಲ್ಲಿ ನಾನು ಸ್ವಲ್ಪ ಹಿಂದೆ ನಿಲ್ಲುತ್ತೇನೆ. ಸಸ್ಯಾಹಾರದ ಪ್ರಚಾರಕರು ಅತಿ ಹೆಚ್ಚು ಉತ್ಪ್ರೇಕ್ಷೆ ಮಾಡುವುದು ಆರೋಗ್ಯದ ವಿಷಯದಲ್ಲೇ.

ಗಟ್ಟಿಯಾಗಿ ಹೇಳಬಹುದಾದದ್ದು ಇಷ್ಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಾಸೇಜ್, ಬೇಕನ್, ಹ್ಯಾಮ್‌ನಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆ. ದನ, ಕುರಿ, ಹಂದಿಯ ಮಾಂಸ ಅದರ ಕೆಳಗಿನ ‘ಬಹುಶಃ ಕಾರಣ’ ಎಂಬ ಗುಂಪಿನಲ್ಲಿದೆ. ತಂಬಾಕೂ ಮೊದಲ ಗುಂಪಿನಲ್ಲೇ ಇದೆ ನಿಜ, ಹಾಗೆಂದು ಸಾಸೇಜ್ ಸಿಗರೇಟಿನಷ್ಟು ಅಪಾಯ ಎಂದು ಹೇಳುವುದು ತಪ್ಪು. ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ.

ಆಕ್ಸ್‌ಫರ್ಡ್ ಸಂಶೋಧಕರು ಸುಮಾರು 48,000 ಜನರನ್ನು ಹದಿನೆಂಟು ವರ್ಷ ಹಿಂಬಾಲಿಸಿ 2019ರಲ್ಲಿ ಕೊಟ್ಟ ವರದಿ ಎರಡೂ ಕಡೆಯವರ ಬಾಯಿ ಮುಚ್ಚಿಸುವಂಥದ್ದು. ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 22 ಕಡಿಮೆ, ಪಾರ್ಶ್ವವಾಯು ಶೇ. 20 ಹೆಚ್ಚು. ಅದೇ ಅಧ್ಯಯನದ 2020ರ ವರದಿಯಲ್ಲಿ ವೀಗನ್‌ಗಳಿಗೆ ಮೂಳೆ ಮುರಿತ ಶೇ. 43 ಹೆಚ್ಚು ಕಂಡಿತು, ಸೊಂಟದ ಮುರಿತ ಎರಡು ಪಟ್ಟಿಗೂ ಹೆಚ್ಚು. ಕಡಿಮೆ ತೂಕ, ಕಡಿಮೆ ಕ್ಯಾಲ್ಸಿಯಂ, ಕಡಿಮೆ ಪ್ರೋಟೀನ್ ಇದರ ಒಂದಷ್ಟನ್ನು ವಿವರಿಸುತ್ತವೆ, ಪೂರ್ತಿಯಾಗಿ ಅಲ್ಲ. ಅಮೆರಿಕದ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರ ಅಧ್ಯಯನದಲ್ಲಿ ಸಸ್ಯಾಹಾರಿಗಳಿಗೆ ಸಾವಿನ ಪ್ರಮಾಣ ಶೇ. 12 ಕಡಿಮೆ ಬಂದರೆ, ಬ್ರಿಟನ್ನಿನ ಲೆಕ್ಕದಲ್ಲಿ ಒಟ್ಟು ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಮತ್ತೊಂದು ವಿಷಯ: ಮೈದಾ, ಸಕ್ಕರೆ, ಕರಿದ ಆಲೂಗಡ್ಡೆ, ಸೋಡಾ ಎಲ್ಲವೂ ವೀಗನ್‌. ಮಾಂಸ ತೆಗೆದ ಜಾಗಕ್ಕೆ ಕಾಳು, ಸೊಪ್ಪು, ಇಡೀ ಧಾನ್ಯ ಬಂದರೆ ಮಾತ್ರ ಮೇಲಿನ ಲಾಭದ ಮಾತು.

ಪ್ರೋಟೀನ್ ಎಲ್ಲಿಂದ ಬರುತ್ತದೆ?

ಕಾಳು, ಬೇಳೆ, ಸೋಯಾ, ಕಡಲೆಬೀಜ, ಧಾನ್ಯಗಳಿಂದ. ಆರೋಗ್ಯವಂತ ವಯಸ್ಕರಿಗೆ ಮೈತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 0.8 ಗ್ರಾಂ ಬೇಕು, ಅಂದರೆ 60 ಕಿಲೋ ತೂಕದವರಿಗೆ 48 ಗ್ರಾಂ. ಗಿಡದ ಪ್ರೋಟೀನ್ ತುಸು ಕಡಿಮೆ ಜೀರ್ಣವಾಗುವುದರಿಂದ ಸ್ವಲ್ಪ ಹೆಚ್ಚೇ ಇರಲಿ. ಧಾನ್ಯದಲ್ಲಿ ಕೊರತೆಯಿರುವ ಲೈಸೀನ್ ಎಂಬ ಪ್ರೋಟೀನ್ ಘಟಕ ಕಾಳಿನಲ್ಲಿದೆ. ಎರಡನ್ನೂ ಒಂದೇ ಊಟದಲ್ಲಿ ಸೇರಿಸಲೇಬೇಕು ಎಂಬ ಹಳೆಯ ನಿಯಮ ಈಗಿಲ್ಲ. ದಿನದ ಒಟ್ಟು ಊಟದಲ್ಲಿ ಎರಡೂ ಇದ್ದರೆ ಆಯಿತು. ಕಾಳನ್ನೇ ತಿನ್ನದೆ ಅನ್ನ, ರೊಟ್ಟಿ, ತರಕಾರಿಯಲ್ಲೇ ದಿನ ಕಳೆಯುವ ಸಸ್ಯಾಹಾರಿಗಳಿಗೆ ಮಾತ್ರ ಈ ಪ್ರಶ್ನೆ ಗಂಭೀರವಾದದ್ದು.

ವಿಟಮಿನ್ ಬಿ12 ಬಗ್ಗೆ ಯಾಕೆ ಎಲ್ಲರೂ ಹೆದರಿಸುತ್ತಾರೆ?

ಹೆದರಬೇಕಾದದ್ದೇ. ಇದೊಂದರಲ್ಲಿ ರಿಯಾಯಿತಿ ಇಲ್ಲ. ಬಿ12 ತಯಾರಿಸುವುದು ಬ್ಯಾಕ್ಟೀರಿಯಾಗಳು. ಪ್ರಾಣಿಗಳ ಮೈಯಲ್ಲಿ ಅದು ಸೇರಿಕೊಳ್ಳುತ್ತದೆ, ಗಿಡಗಳಲ್ಲಿ ನಂಬಬಹುದಾದಷ್ಟು ಇರುವುದಿಲ್ಲ. ಸ್ಪಿರುಲಿನಾ ಎಂಬ ಪಾಚಿಯಲ್ಲಿ ಇರುವುದು ಬಹುತೇಕ ನಮ್ಮ ದೇಹ ಬಳಸಲಾಗದ ಹುಸಿ ರೂಪ.

ದಿನಕ್ಕೆ ಬೇಕಾದದ್ದು ಬರೀ 2.4 ಮೈಕ್ರೋಗ್ರಾಂ. ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ಸಂಗ್ರಹ ಇರುತ್ತದೆ. ತೊಂದರೆ ಆಗುವುದೇ ಇದರಿಂದ: ಎಲ್ಲ ಬಿಟ್ಟು ಎರಡು ವರ್ಷವಾದರೂ ಏನೂ ಆಗಿಲ್ಲವೆಂದು ಧೈರ್ಯ ಬಂದಿರುತ್ತದೆ. ಆಮೇಲೆ ಅಂಗಾಲಿನಲ್ಲಿ ಜುಮುಜುಮು ಶುರು. ರಾತ್ರಿ ಹಾಸಿಗೆಯಲ್ಲಿ ಮಲಗಿದಾಗ ಇರುವೆ ಹರಿದಂತೆ. ಕತ್ತಲಲ್ಲಿ ನಡೆಯುವಾಗ ಹೆಜ್ಜೆ ತಪ್ಪುವುದು, ನಾಲಿಗೆ ಕೆಂಪಾಗಿ ಉರಿಯುವುದು, ಸುಸ್ತು, ಮರೆವು. ಸೊಪ್ಪು ಕಾಳು ಹೆಚ್ಚು ತಿನ್ನುವವರಲ್ಲಿ ಫೋಲೇಟ್ ಎಂಬ ವಿಟಮಿನ್ ಧಾರಾಳವಾಗಿರುವುದರಿಂದ ರಕ್ತಹೀನತೆ ಮರೆಯಾಗಿ, ನರಕ್ಕೆ ಪೆಟ್ಟು ಬೀಳುವುದು ಮಾತ್ರ ಸದ್ದಿಲ್ಲದೆ ನಡೆಯಬಹುದು. ತಡವಾದರೆ ನರದ ಹಾನಿ ಪೂರ್ತಿ ವಾಸಿಯಾಗದು.

ಪರಿಹಾರ ಅಗ್ಗ, ಸುಲಭ. ವೀಗನ್ ಸೊಸೈಟಿಯ ಸಲಹೆ: ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ ಮಾತ್ರೆ, ಇಲ್ಲವೇ ವಾರಕ್ಕೆ 2,000. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ ಮುದ್ರಣದೋಷ ಅಂದುಕೊಳ್ಳಬೇಡಿ. ಒಮ್ಮೆಗೆ ಕರುಳು ಚೆನ್ನಾಗಿ ಹೀರಿಕೊಳ್ಳುವುದು ಒಂದೆರಡು ಮೈಕ್ರೋಗ್ರಾಂ ಮಾತ್ರ, ಮಿಕ್ಕಿದ್ದರಲ್ಲಿ ಶೇ. 1ರಷ್ಟು ಒಳಹೋಗುತ್ತದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು, ವಯಸ್ಸಾದವರು ಸಸ್ಯಾಹಾರಿಗಳಾದರೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಹಾಲು ಕುಡಿಯುತ್ತೇನಲ್ಲ ಎಂದು ಸುಮ್ಮನಿರಬೇಡಿ. ದಿನಕ್ಕೊಂದು ಲೋಟದಿಂದ ಅಗತ್ಯ ಪೂರ್ತಿ ತುಂಬುವುದಿಲ್ಲ.

ಕಬ್ಬಿಣ, ಕ್ಯಾಲ್ಸಿಯಂ, ಒಮೇಗಾ-3?

ಗಿಡದ ಕಬ್ಬಿಣ ಮಾಂಸದ ಕಬ್ಬಿಣದಷ್ಟು ಸಲೀಸಾಗಿ ಒಳಹೋಗುವುದಿಲ್ಲ. ಊಟದ ಜೊತೆ ನಿಂಬೆರಸದಂಥ ವಿಟಮಿನ್ ಸಿ ಇದ್ದರೆ ಹೆಚ್ಚು ಹೋಗುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಡಿಮೆ. ಒಂದು ಗಂಟೆ ಬಿಟ್ಟು ಕುಡಿಯಿರಿ, ಸಾಕು.

ಕ್ಯಾಲ್ಸಿಯಂಗೆ ಪಾಲಕ್ ಸೊಪ್ಪನ್ನು ನಂಬಬೇಡಿ. ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದಿಟ್ಟು ಶೇ. 5ರಷ್ಟನ್ನು ಮಾತ್ರ ಬಿಟ್ಟುಕೊಡುತ್ತದೆ, ಹಾಲಿನದು ಶೇ. 30ರಷ್ಟು ಸಿಗುತ್ತದೆ. ಕ್ಯಾಲ್ಸಿಯಂ ಹಾಕಿ ಹೆಪ್ಪುಗಟ್ಟಿಸಿದ ತೋಫು, ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು, ಎಳ್ಳು, ಕೋಸಿನ ಜಾತಿಯ ಸೊಪ್ಪುಗಳು ಬೇಕು. ಮೂಳೆ ಮುರಿತದ ಅಂಕಿಗಳನ್ನು ಓದಿದ ಮೇಲೆ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಒಮೇಗಾ-3ಗೆ ಅಗಸೆ, ಅಕ್ರೋಟು, ಚಿಯಾ. ದೇಹ ಇವುಗಳಿಂದ ಡಿಎಚ್‌ಎ ಎಂಬ, ಮೀನಿನಲ್ಲಿ ಸಿಗುವ ಒಮೇಗಾ-3 ಮಾಡಿಕೊಳ್ಳುವುದು ಬಹಳ ಕಡಿಮೆ, ಹಾಗಾಗಿ ಬೇಕೆನಿಸಿದರೆ ಪಾಚಿಯ ಎಣ್ಣೆ. ಮೀನಿಗೂ ಅದು ಮೂಲದಲ್ಲಿ ಬರುವುದು ಪಾಚಿಯಿಂದಲೇ.

ಮಕ್ಕಳಿಗೆ, ಗರ್ಭಿಣಿಯರಿಗೆ ವೀಗನ್ ಆಹಾರ ಸರಿಯೇ?

ತಜ್ಞರಲ್ಲೇ ಒಮ್ಮತವಿಲ್ಲ. ಅಮೆರಿಕದ ಪಥ್ಯಾಹಾರ ತಜ್ಞರ ಸಂಘ 2016ರಲ್ಲಿ ಸರಿಯಾಗಿ ಯೋಜಿಸಿದರೆ ಎಲ್ಲ ವಯಸ್ಸಿಗೂ ಸರಿ ಎಂದಿತು. ಅದೇ ವರ್ಷ ಜರ್ಮನಿಯ ಪೋಷಣಾ ಸಂಘ ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ, ಮಕ್ಕಳಿಗೆ ಬೇಡ ಎಂದಿತು. ಎರಡೂ ಕಡೆಯವರು ಒಪ್ಪುವ ಮಾತು: ಬಿ12 ತಪ್ಪಬಾರದು. ತಾಯಿಗೆ ಕೊರತೆ ಇದ್ದರೆ ಮಗುವಿಗೆ ವರ್ಷಗಳ ಸಂಗ್ರಹ ಇರುವುದಿಲ್ಲ, ಕೆಲವೇ ತಿಂಗಳಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ. ನಿಮ್ಮ ಸಿದ್ಧಾಂತದ ಬೆಲೆ ಮಗು ತೆರಬಾರದು. ಪೋಷಣೆ ಬಲ್ಲ ವೈದ್ಯರ ಜೊತೆ ಕೂತು ಯೋಜಿಸಲು ಆಗದಿದ್ದರೆ ಆ ವರ್ಷಗಳಲ್ಲಿ ಹಾಲು ಮೊಟ್ಟೆ ಇಟ್ಟುಕೊಳ್ಳಿ.

ಮನುಷ್ಯ ಮಾಂಸ ತಿನ್ನುವುದು ಸಹಜವಲ್ಲವೇ?

ಸಹಜ. ನಮ್ಮ ಹಲ್ಲು, ಕರುಳು ಸಸ್ಯ, ಮಾಂಸ ಎರಡಕ್ಕೂ ಆಗುತ್ತವೆ. ಮನುಷ್ಯ ಮೂಲತಃ ಸಸ್ಯಾಹಾರಿ ಎಂದು ವಾದಿಸುವವರು ಸೋಲುವ ಪಂದ್ಯಕ್ಕೆ ಇಳಿಯುತ್ತಾರೆ. ತಿನ್ನಬಲ್ಲೆವು ಎಂಬುದರಿಂದ ತಿನ್ನಲೇಬೇಕು ಎಂದು ಬರುವುದಿಲ್ಲ, ಅಷ್ಟೇ.

ಲೇಬಲ್‌ನಲ್ಲಿ ಏನು ನೋಡಬೇಕು?

ಜೆಲಾಟಿನ್ (ಎಲುಬು, ಚರ್ಮದಿಂದ), ರೆನೆಟ್ (ಎಳೆಗರುವಿನ ಹೊಟ್ಟೆಯಿಂದ, ಕೆಲವು ಚೀಸ್‌ಗಳಲ್ಲಿ), ಕಾರ್ಮೈನ್ (ಕೆಂಪು ಬಣ್ಣ, ಕೀಟದಿಂದ). ವೀಗನ್ ಆದರೆ ಇವುಗಳ ಜೊತೆ ವೇ, ಕೇಸೀನ್ (ಎರಡೂ ಹಾಲಿನಿಂದ), ಶೆಲ್ಯಾಕ್ (ಅರಗಿನ ಕೀಟದಿಂದ), ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುವ ವಿಟಮಿನ್ ಡಿ3. ಔಷಧದ ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಜೆಲಾಟಿನ್. ಬೇರೆ ದಾರಿಯಿಲ್ಲದ ಔಷಧವನ್ನು ಇದಕ್ಕಾಗಿ ಬಿಡಬೇಡಿ. ಸಾಧ್ಯವಾದಷ್ಟು ಮಟ್ಟಿಗೆ ಎಂಬ ಮಾತು ವೀಗನ್ ಸೊಸೈಟಿಯ ವ್ಯಾಖ್ಯಾನದಲ್ಲೇ ಇದೆ.

ನಾನೊಬ್ಬ ಬಿಟ್ಟರೆ ಏನು ಬದಲಾಗುತ್ತದೆ?

ಒಬ್ಬರು ಬಿಟ್ಟಿದ್ದಕ್ಕೆ ಅಂದೇ ಒಂದು ಕೋಳಿ ಬದುಕಿತು ಎಂದು ಯಾರೂ ತೋರಿಸಲಾರರು. ಅಂಗಡಿ ತರಿಸುವುದು ಪೆಟ್ಟಿಗೆಗಳ ಲೆಕ್ಕದಲ್ಲಿ, ಫಾರಂ ಮರಿ ಬಿಡುವುದು ಸಾವಿರಗಳ ಲೆಕ್ಕದಲ್ಲಿ. ನಿಮ್ಮ ನಿರ್ಧಾರ ಒಂದು ಪೆಟ್ಟಿಗೆ ಕಡಿಮೆ ಮಾಡಿಸುವ ಸಾಧ್ಯತೆ ಚಿಕ್ಕದು. ಮಾಡಿಸಿದರೆ ಕಡಿಮೆಯಾಗುವುದು ಒಂದಲ್ಲ, ಇಡೀ ಪೆಟ್ಟಿಗೆ. ಸರಾಸರಿ ತೆಗೆದರೆ ನೀವು ಬಿಟ್ಟಷ್ಟೇ ಕೋಳಿ ಕಡಿಮೆಯಾದಂತೆ.

ಒಮ್ಮೆಲೇ ಬಿಡಬೇಕೇ, ನಿಧಾನವಾಗಿಯೇ?

ನಿಮ್ಮ ಕಾರಣ ಪ್ರಾಣಿಗಳಾದರೆ ಮೊದಲು ಕೋಳಿ, ಫಾರಂ ಮೊಟ್ಟೆ, ಮೀನು ಬಿಡಿ. ಜೀವಗಳ ಸಂಖ್ಯೆ ಹೆಚ್ಚಿರುವುದು ಅಲ್ಲೇ. ಪರಿಸರವಾದರೆ ಮೊದಲು ದನ, ಕುರಿ, ಆಮೇಲೆ ಚೀಸ್. ಆರೋಗ್ಯವಾದರೆ ಮೊದಲು ಸಂಸ್ಕರಿಸಿದ ಮಾಂಸ, ಮತ್ತು ಬಿಟ್ಟ ಜಾಗಕ್ಕೆ ಏನು ಬರುತ್ತದೆ ಎಂಬ ಕಡೆ ಗಮನ. ವಿಚಿತ್ರವೆಂದರೆ ಹೆಚ್ಚಿನವರು ಈ ಮೂರಕ್ಕೂ ಸಂಬಂಧವಿಲ್ಲದ ಕ್ರಮದಲ್ಲಿ, ಯಾವುದು ತಮಗೆ ಅಷ್ಟಾಗಿ ಇಷ್ಟವಿಲ್ಲವೋ ಅದನ್ನು ಮೊದಲು ಬಿಡುತ್ತಾರೆ. ಅದೂ ಇರಲಿ. ಆದರೆ ಕಾಳು ಬೇಯಿಸುವುದನ್ನು ಕಲಿಯುವ ಮೊದಲು ಏನನ್ನೂ ಬಿಡಬೇಡಿ. ಕಾಳು ಅಭ್ಯಾಸವಿಲ್ಲದ ಹೊಟ್ಟೆಗೆ ಮೊದಲ ಕೆಲವು ವಾರ ವಾಯುವಿನ ಕಾಟ ಇದ್ದೇ ಇರುತ್ತದೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಿ.